ಧೂಳನ್ನು ಹುಟ್ಟಿದಲ್ಲೇ ಹಿಡಿಯುವುದು

ಒಂದು ಚದರ ಮೀಟರ್ ಸಾಗುವಾನಿ ಹಲಗೆಯನ್ನು ಉಜ್ಜಿ ನುಣುಪು ಮಾಡಬೇಕಿದೆ ಎಂದುಕೊಳ್ಳಿ. ಅದರ ಮೇಲಿಂದ ಮಿಲಿಮೀಟರಿನ ಹತ್ತನೇ ಒಂದು ಪಾಲನ್ನಷ್ಟೇ ತೆಗೆಯುತ್ತೇವೆ. ಹಾಗೆ ತೆಗೆದ ಮರದ ಗಾತ್ರ 100 ಘನ ಸೆಂಟಿಮೀಟರ್, ತೂಕ ಸುಮಾರು 65 ಗ್ರಾಂ. ಅಷ್ಟೂ ಪುಡಿಯಾಗಿ ಎಲ್ಲಿಗೋ ಹೋಗಲೇಬೇಕು.

ಈಗ ಕೋಣೆಯ ಲೆಕ್ಕ. ಹನ್ನೆರಡು ಅಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಗಟ್ಟಿಮರದ ಧೂಳಿಗೆ ಐರೋಪ್ಯ ಒಕ್ಕೂಟ 2023ರ ಜನವರಿಯಿಂದ ವಿಧಿಸಿರುವ ಮಿತಿ ಘನ ಮೀಟರಿಗೆ 2 ಮಿಲಿಗ್ರಾಂ. ಇದು ಎಂಟು ಗಂಟೆಯ ಪಾಳಿಯ ಸರಾಸರಿ. ನಮ್ಮ ಸಾಗುವಾನಿ, ಬೀಟೆ, ಹೊನ್ನೆ ಎಲ್ಲವೂ ಈ ಗಟ್ಟಿಮರದ ಗುಂಪಿಗೇ ಸೇರುತ್ತವೆ. ಆ ಲೆಕ್ಕದಲ್ಲಿ ಇಡೀ ಕೋಣೆಯ ಗಾಳಿಯಲ್ಲಿ ತೇಲಬಹುದಾದ ಧೂಳು 68 ಮಿಲಿಗ್ರಾಂ ಮಾತ್ರ. ನಾವು ಎಬ್ಬಿಸಿದ 65 ಗ್ರಾಮಿನಲ್ಲಿ ಸಾವಿರದ ಒಂದು ಪಾಲು ಎಂದರೆ 65 ಮಿಲಿಗ್ರಾಂ. ಸಾವಿರದಲ್ಲಿ ಒಂಬೈನೂರ ತೊಂಬತ್ತೊಂಬತ್ತು ಪಾಲು ನೆಲಕ್ಕೆ ಬಿದ್ದು ಒಂದೇ ಪಾಲು ಗಾಳಿಯಲ್ಲಿ ಉಳಿದರೂ ನಾವು ಮಿತಿಯ ಅಂಚಿಗೆ ಬಂದು ನಿಂತಿರುತ್ತೇವೆ.

ಉಜ್ಜುವ ಯಂತ್ರಗಳಲ್ಲಿ ಈಚೆಗೆ ಬಂದಿರುವ ಬದಲಾವಣೆಗಳನ್ನು ಅರ್ಥ ಮಾಡಿಕೊಳ್ಳಲು ಈ ಲೆಕ್ಕ ತಲೆಯಲ್ಲಿರಬೇಕು. ಯಂತ್ರ ಎಷ್ಟು ಜೋರಾಗಿ ಉಜ್ಜುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕು ಬಹಳ ಕಾಲವಾಯಿತು. ಉಜ್ಜಿದ್ದರಲ್ಲಿ ಎಷ್ಟನ್ನು ಹೊರಗೆ ಬಿಡದೆ ಹಿಡಿಯುತ್ತದೆ ಎಂಬುದು ಈಗಿನ ಪ್ರಶ್ನೆ. ಅದಕ್ಕೆ ಉತ್ತರ ಯಂತ್ರವೊಂದರಲ್ಲೇ ಇಲ್ಲ. ಯಂತ್ರದ ತಳದ ತೂತು, ಅದಕ್ಕೆ ಸಿಕ್ಕಿಸುವ ಪೈಪು, ಪೈಪಿನ ತುದಿಯ ಕನೆಕ್ಟರ್, ಆಚೆ ಕೂತ ವ್ಯಾಕ್ಯೂಮ್, ಅದರೊಳಗಿನ ಫಿಲ್ಟರ್ ಎಲ್ಲ ಸೇರಿ ಒಂದು ಗಾಳಿದಾರಿ. ಈ ಅಧ್ಯಾಯ ಆ ದಾರಿಯದು.

ಕಾಣುವ ಧೂಳು, ಕಾಣದ ಧೂಳು

ಕೈ ತೋಪಡದಿಂದ ಹೆರೆದಾಗ ಮರ ಸುರುಳಿ ಸುರುಳಿಯಾಗಿ ಏಳುತ್ತದೆ. ಅದನ್ನು ಗುಡಿಸಿ ಒಲೆಗೆ ಹಾಕಬಹುದು. ಉಪ್ಪುಕಾಗದದಿಂದ ಉಜ್ಜಿದಾಗ ಏಳುವುದು ಪುಡಿ. 120ನೇ ನಂಬರಿನ ಕಾಗದದ ಹರಳು ಸುಮಾರು 125 ಮೈಕ್ರಾನ್ ಇದ್ದರೆ, 240ರದ್ದು 58 ಮೈಕ್ರಾನ್, 400ರದ್ದು 35 ಮೈಕ್ರಾನ್. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಷ್ಟು ಸಣ್ಣ ಹರಳಿನ ಚೂಪು ಮರವನ್ನು ಗೀರಿದಾಗ ಏಳುವ ಕಣಗಳಲ್ಲಿ ಹರಳಿಗಿಂತ ಎಷ್ಟೋ ಚಿಕ್ಕವು ಇರುತ್ತವೆ. ಕೆಲಸ ನಯವಾಗುತ್ತ ಹೋದಂತೆ ಧೂಳೂ ನಯವಾಗುತ್ತದೆ, ಅಪಾಯವೂ ಹೆಚ್ಚುತ್ತದೆ.

ನಿಶ್ಚಲ ಗಾಳಿಯಲ್ಲಿ ನೀರಿನಷ್ಟು ಸಾಂದ್ರತೆಯ 100 ಮೈಕ್ರಾನ್ ಕಣವೊಂದು ಎದೆಯೆತ್ತರದಿಂದ ಆರೇಳು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 10 ಮೈಕ್ರಾನಿನ ಕಣಕ್ಕೆ ಎಂಟು ನಿಮಿಷ ಬೇಕು. 1 ಮೈಕ್ರಾನಿನದಕ್ಕೆ ಹತ್ತಿರ ಹತ್ತಿರ ಹನ್ನೆರಡು ಗಂಟೆ. ಫ್ಯಾನ್ ತಿರುಗುವ, ಜನ ಓಡಾಡುವ ಕೋಣೆಯಲ್ಲಿ ಅದು ಕೆಳಗಿಳಿಯುವುದೇ ಇಲ್ಲವೆನ್ನಬೇಕು. ಬೆಂಚಿನ ಮೇಲೆ, ಮೀಸೆಯ ಮೇಲೆ ಕೂತ ಪುಡಿಯನ್ನು ನೋಡಿ ನಾವು ಧೂಳೆನ್ನುತ್ತೇವೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಸುಮಾರು 4 ಮೈಕ್ರಾನಿಗಿಂತ ಸಣ್ಣದಾದ, ಕಣ್ಣಿಗೆ ಕಾಣದ ಪುಡಿ. ದಪ್ಪ ಕಣಗಳು ಮೂಗಿನಲ್ಲೇ ಸಿಕ್ಕಿಕೊಳ್ಳುತ್ತವೆ. ಹಾಗೆ ಸಿಕ್ಕಿಕೊಳ್ಳುವುದೂ ನಿರಪಾಯವಲ್ಲ.

ಇದು ತಿಳಿದದ್ದು ಇಂಗ್ಲೆಂಡಿನ ಹೈ ವಿಕಂಬ್ ಎಂಬ ಊರಿನಿಂದ. ಕುರ್ಚಿ ತಯಾರಿಕೆಗೆ ಹೆಸರಾದ ಆ ಊರಿನಲ್ಲಿ 1960ರ ದಶಕದಲ್ಲಿ ಕಿವಿ-ಮೂಗು-ಗಂಟಲು ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಒಂದು ವಿಷಯ ಗಮನಿಸಿದರು. ಮೂಗಿನ ಒಳಭಾಗದ ಅಡಿನೊಕಾರ್ಸಿನೋಮ ತೀರ ಅಪರೂಪದ ಕ್ಯಾನ್ಸರ್. ಅದೇ ಇಲ್ಲಿನ ಪೀಠೋಪಕರಣ ಕೆಲಸಗಾರರಲ್ಲಿ ಮತ್ತೆ ಮತ್ತೆ ಕಾಣಿಸುತ್ತಿತ್ತು. 1968ರಲ್ಲಿ ಡೊನಾಲ್ಡ್ ಅಚೆಸನ್ ಮತ್ತು ಹ್ಯಾಡ್‌ಫೀಲ್ಡ್ ಮೊದಲಾದವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ಪ್ರಕಟಿಸಿದರು. ಕೆಲಸಕ್ಕೆ ಸೇರಿದ ಎಷ್ಟೋ ದಶಕಗಳ ಮೇಲೆ ಬರುವ ಕಾಯಿಲೆಯಾದ್ದರಿಂದ ಕಾರಣ ಹಿಡಿಯುವುದು ಸುಲಭವಿರಲಿಲ್ಲ. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮೊದಲನೇ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಗುಂಪು ಅದು. ತಂಬಾಕಿನ ಹೊಗೆ ಇರುವುದೂ ಅಲ್ಲೇ.

ಕ್ಯಾನ್ಸರಿನ ಮಾತು ಬಿಟ್ಟರೂ ಧೂಳಿನ ಕಾಟ ಮುಗಿಯುವುದಿಲ್ಲ. ಬೀಟೆ ಜಾತಿಯ ಮರಗಳಲ್ಲಿರುವ ಡಾಲ್‌ಬರ್ಜಿಯೋನ್, ಸಾಗುವಾನಿಯಲ್ಲಿರುವ ಡಿಯಾಕ್ಸಿಲ್ಯಾಪಕಾಲ್ ಎಂಬ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಹುಳ ತಿನ್ನದಂತೆ ಮರವನ್ನು ಕಾಯುವ ಇಂಥ ರಾಸಾಯನಿಕಗಳೇ ಬಡಗಿಯ ಮೈಗೆ ತುರಿಕೆ ತರುತ್ತವೆ.

ವೃತ್ತದ ಮೇಲೊಂದು ವೃತ್ತ

ಧೂಳಿಗೆ ಸಿಕ್ಕ ಹಳೆಯ ಪರಿಹಾರಗಳಲ್ಲಿ ಒಂದು, ನೀರು. ಫಿಲಡೆಲ್ಫಿಯಾದ ಶಾಯಿ ತಯಾರಕ ಫ್ರಾನ್ಸಿಸ್ ಓಕಿ ರೂಪಿಸಿದ, ನೀರಿನಲ್ಲಿ ನೆನೆದರೂ ಹರಳು ಉದುರದ ಕಾಗದವನ್ನು 3ಎಂ ಕಂಪನಿ 1921ರಲ್ಲಿ ಮಾರುಕಟ್ಟೆಗೆ ತಂದಿತು. ಕಾರಿನ ಪೇಂಟನ್ನು ಒದ್ದೆಯಾಗಿ ಉಜ್ಜಿದಾಗ ಧೂಳೇ ಏಳಲಿಲ್ಲ. ಇಂದಿಗೂ ಕಾರು ಪೇಂಟಿಂಗ್ ಶೆಡ್ಡುಗಳಲ್ಲಿ ಬಕೆಟ್ಟಿನ ಪಕ್ಕ ಕಾಣುವ ವಾಟರ್ ಪೇಪರ್ ಆ ವಂಶದ್ದು. ಆದರೆ ಮರಕ್ಕೆ ನೀರು ತಾಗಿದರೆ ನಾರು ಉಬ್ಬಿ ಏಳುತ್ತದೆ. ಮರದ ಕೆಲಸದವರಿಗೆ ಗಾಳಿಯೇ ಗತಿ.

ಇಂದು ಬಡಗಿಗಳು ಹೆಚ್ಚು ನೆಚ್ಚುವ ಯಂತ್ರ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್. ಬರೀ ಗಿರಗಿರ ತಿರುಗುವ ತಟ್ಟೆಯಿಂದ ಉಜ್ಜಿದರೆ ಒಂದೇ ಜಾಗದಲ್ಲಿ ಕಮಾನು ಕಮಾನಾದ ಗೀರು ಬೀಳುತ್ತದೆ. ಹೀಗಾಗಿ ಈ ಯಂತ್ರದಲ್ಲಿ ತಟ್ಟೆಯನ್ನು ಮೋಟಾರಿನ ದಂಡದ ಮಧ್ಯಕ್ಕೆ ಕೂರಿಸದೆ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ, ಅದರದೇ ಬೇರಿಂಗಿನ ಮೇಲೆ ಕೂರಿಸಿರುತ್ತಾರೆ. ಮೋಟಾರು ತಿರುಗಿದಾಗ ಇಡೀ ತಟ್ಟೆ ಸಣ್ಣ ವೃತ್ತದಲ್ಲಿ ಅಲುಗುತ್ತದೆ. ಜೊತೆಗೆ ಬೇರಿಂಗಿನ ಮೇಲೆ ತನ್ನಷ್ಟಕ್ಕೆ ನಿಧಾನವಾಗಿ ಸುತ್ತುತ್ತಲೂ ಇರುತ್ತದೆ. ಎರಡೂ ಚಲನೆ ಬೆರೆತು ಯಾವ ಹರಳೂ ತಾನು ಹೋದ ದಾರಿಯಲ್ಲಿ ಸುಲಭಕ್ಕೆ ಮತ್ತೆ ಹೋಗುವುದಿಲ್ಲ. ಗೀರುಗಳು ಒಂದನ್ನೊಂದು ಅಳಿಸುತ್ತ ಕಣ್ಣಿಗೆ ಕಾಣದಂತಾಗುತ್ತವೆ.

ಅಲುಗಾಟದ ವೃತ್ತದ ವ್ಯಾಸ 5 ಮಿಲಿಮೀಟರ್ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಹರಳು ಕ್ರಮಿಸುವ ದೂರ 15.7 ಮಿಲಿಮೀಟರ್. ನಿಮಿಷಕ್ಕೆ 10,000 ಸುತ್ತಾದರೆ 157 ಮೀಟರ್. ಬೇಗ ಮರ ತೆಗೆಯಬೇಕಾದಾಗ 5 ಮಿಲಿಮೀಟರಿನ ಯಂತ್ರ, ಪಾಲಿಶ್‌ಗೆ ಮುಂಚಿನ ನಯಗೆಲಸಕ್ಕೆ ಎರಡೂವರೆ ಮೂರು ಮಿಲಿಮೀಟರಿನದು. ಯಂತ್ರ ಎತ್ತಿದೊಡನೆ ತಟ್ಟೆ ಅಂಕೆ ಮೀರಿ ವೇಗ ಹಿಡಿಯದಂತೆ ತಡೆಯಲು ಒಂದು ರಬ್ಬರ್ ಉಂಗುರ ಬ್ರೇಕಿನ ಕೆಲಸ ಮಾಡುತ್ತದೆ.

ಈಚಿನ ವರ್ಷಗಳ ದೊಡ್ಡ ಬದಲಾವಣೆ ಬ್ರಷ್‌ಲೆಸ್ ಮೋಟಾರು. ಹಳೆಯ ಮೋಟಾರಿನಲ್ಲಿ ಕಾರ್ಬನ್ ಬ್ರಷ್ಷು ಸವೆಯುತ್ತಿತ್ತು, ಕಿಡಿ ಹಾರುತ್ತಿತ್ತು, ಧೂಳು ಒಳಗೆ ಹೊಕ್ಕು ಹಾಳು ಮಾಡುತ್ತಿತ್ತು. ಬ್ರಷ್‌ಲೆಸ್‌ನಲ್ಲಿ ಆ ಭಾಗವೇ ಇಲ್ಲ. ಮೋಟಾರು ಗಿಡ್ಡವಾಗಿರುವುದರಿಂದ ಫಿನ್‌ಲ್ಯಾಂಡಿನ ಮಿರ್ಕಾ, ಜರ್ಮನಿಯ ಫೆಸ್ಟೂಲ್ ಕಂಪನಿಗಳ ಇಂಥ ಯಂತ್ರಗಳು ಹತ್ತು ಹನ್ನೆರಡು ಸೆಂಟಿಮೀಟರ್ ಎತ್ತರ, ಕಿಲೋ ಆಸುಪಾಸಿನ ತೂಕಕ್ಕೆ ಇಳಿದಿವೆ. ಕೈ ಹಲಗೆಗೆ ಹತ್ತಿರವಾದಷ್ಟೂ ಯಂತ್ರ ಒಂದು ಮಗ್ಗುಲಿಗೆ ವಾಲುವುದು ತಪ್ಪುತ್ತದೆ. ವಾಲದ ತಟ್ಟೆಯ ಅಂಚಿನಿಂದ ಧೂಳೂ ಚಿಮ್ಮುವುದಿಲ್ಲ.

ಊದುವುದು ಬೇರೆ, ಎಳೆಯುವುದು ಬೇರೆ

ದೀಪವನ್ನು ಮೊಳ ದೂರದಿಂದ ಊದಿ ಆರಿಸಬಹುದು; ಅಷ್ಟೇ ದೂರದಿಂದ ಉಸಿರೆಳೆದು ಆರಿಸಲಾಗದು. ಊದಿದ ಗಾಳಿ ಒಂದೇ ದಿಕ್ಕಿಗೆ ಧಾರೆಯಾಗಿ ಹೋಗುತ್ತದೆ. ಎಳೆಯುವ ಬಾಯಿಗಾದರೋ ಗಾಳಿ ಎಲ್ಲ ದಿಕ್ಕಿನಿಂದ ಬರುತ್ತದೆ. ಹಾಗಾಗಿ ಬಾಯಿಂದ ಸ್ವಲ್ಪ ದೂರ ಸರಿದರೆ ಸಾಕು, ವೇಗ ಕುಸಿಯುತ್ತದೆ. ಪೈಪಿನ ಬಾಯಿಂದ ಅದರ ವ್ಯಾಸದಷ್ಟು ದೂರದಲ್ಲಿ ಗಾಳಿಯ ವೇಗ ಬಾಯಲ್ಲಿದ್ದುದರ ಹತ್ತನೇ ಒಂದು ಪಾಲಿಗಿಂತಲೂ ಕೆಳಗಿಳಿದಿರುತ್ತದೆ. 36 ಮಿಲಿಮೀಟರಿನ ಪೈಪನ್ನು ಎರಡು ಬೆರಳಗಲ ದೂರ ಹಿಡಿದು ಉಜ್ಜಿದರೆ ಅದು ಹೆಚ್ಚುಕಮ್ಮಿ ಇಲ್ಲದಿದ್ದಂತೆಯೇ. ಕಿಟಕಿಯಲ್ಲಿ ಕೂರಿಸಿದ ಎಕ್ಸಾಸ್ಟ್ ಫ್ಯಾನ್ ಬಡಗಿಯ ಮೂಗನ್ನು ಏಕೆ ಕಾಯುವುದಿಲ್ಲ ಎಂಬುದಕ್ಕೂ ಕಾರಣ ಇದೇ.

ಆದ್ದರಿಂದ ಎಳೆಯುವ ಬಾಯಿಯನ್ನು ಉಜ್ಜುವ ಜಾಗದಲ್ಲೇ ತೆರೆಯಬೇಕು. 150 ಮಿಲಿಮೀಟರಿನ ಸ್ಯಾಂಡರೊಂದನ್ನು ಮಗುಚಿ ನೋಡಿ. ಕಾಗದ ಕಿತ್ತರೆ ತಟ್ಟೆಯ ತುಂಬ ಸಣ್ಣ ಕೊಕ್ಕೆಗಳ ಹಾಸು. ಕಾಗದದ ಬೆನ್ನಿನ ನೂಲಿನ ಕುಣಿಕೆಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಆ ಹಾಸಿನ ನಡುವೆ ಮಧ್ಯಕ್ಕೊಂದು ತೂತು, ಅದರ ಸುತ್ತ ಸಾಲು ಸಾಲು ತೂತು. ಹಳೆಯ ಯಂತ್ರಗಳಲ್ಲಿ ಆರೋ ಎಂಟೋ ಇದ್ದವು, ಈಗಿನವುಗಳಲ್ಲಿ ಹತ್ತಾರು. ಕೆಲವು ತಟ್ಟೆಗಳಲ್ಲಿ ಮಧ್ಯದ ತೂತಿನಿಂದ ಹೊಸ ಗಾಳಿ ಒಳಗೆ ಬಂದು, ಧೂಳನ್ನು ತಳ್ಳಿಕೊಂಡು ಹೊರಸುತ್ತಿನ ತೂತುಗಳ ಮೂಲಕ ಮೇಲೇರುತ್ತದೆ. ಒಳಗೆ ಬರಲು ದಾರಿಯಿಲ್ಲದ ಗಾಳಿ ಹೊರಗೂ ಹೋಗದು. ತಟ್ಟೆ ಹಲಗೆಗೆ ಒತ್ತಿ ಕೂತಾಗ ವ್ಯಾಕ್ಯೂಮ್ ಎಷ್ಟು ಬಲವಾಗಿ ಎಳೆದರೂ ಧೂಳು ಅಲ್ಲೇ ಉಳಿದುಬಿಡಬಹುದು.

ಈ ತೊಡಕಿಗೆ ಜಾಲರಿ ಕಾಗದ ಇನ್ನೊಂದು ಪರಿಹಾರ. ಮಿರ್ಕಾದ ಅಬ್ರಾನೆಟ್ ಇದರಲ್ಲಿ ಹೆಸರಾದದ್ದು. ನೈಲಾನ್ ಜಾತಿಯ ದಾರದ ಬಲೆಯ ಮೇಲೆ ಹರಳು ಕೂರಿಸಿದ ಈ ಹಾಳೆಯಲ್ಲಿ ಸಾವಿರಾರು ಕಿಂಡಿ. ಯಾವ ಕಣಕ್ಕೂ ಹತ್ತಿರದ ಕಿಂಡಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ದೂರವಿರದು ಎನ್ನುವಷ್ಟು ದಟ್ಟ. ಕಾಗದದ ತೂತನ್ನು ತಟ್ಟೆಯ ತೂತಿಗೆ ಹೊಂದಿಸುವ ಗೋಜೂ ಇಲ್ಲ.

ಧೂಳು ಹೋದರೆ ಕೆಲಸವೂ ಚೆನ್ನಾಗುತ್ತದೆ. ಉಜ್ಜಿದ ಹಲಗೆಯ ಮೇಲೆ ಟಾರ್ಚನ್ನು ಅಡ್ಡವಾಗಿ, ಮೈಗೆ ತಾಗಿಸಿದ ಹಾಗೆ ಹಿಡಿದರೆ ಕೆಲವೊಮ್ಮೆ ಪುಟ್ಟ ಪುಟ್ಟ ಸುರುಳಿ ಗೀರುಗಳು ಕಾಣುತ್ತವೆ. ಕಾಗದದ ಕೆಳಗೆ ಸಿಕ್ಕಿಕೊಂಡ ಧೂಳಿನ ಗಂಟೋ ಉದುರಿದ ಹರಳೋ ತಟ್ಟೆಯೊಡನೆ ಸುತ್ತಿ ಬರೆದ ಗುರುತು ಅದು. ಹಾಗೇ ನೋಡಿದರೆ ಕಾಣದ ಆ ಗೀರು ಪಾಲಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಹರಳುಗಳ ನಡುವೆ ಧೂಳು ಕಟ್ಟದಿದ್ದರೆ ಈ ಗೀರು ಕಡಿಮೆ, ಕಾಗದದ ಬಾಳಿಕೆಯೂ ಹೆಚ್ಚು. ಆರೋಗ್ಯಕ್ಕೆಂದು ಹಾಕಿದ ದುಡ್ಡಿನಲ್ಲಿ ಒಂದು ಪಾಲು ಹೀಗೆ ಕೆಲಸದಲ್ಲೇ ಮರಳುತ್ತದೆ.

ಹಾಗೆಂದು ಎಳೆತ ಎಷ್ಟಿದ್ದರೂ ಒಳ್ಳೆಯದೆನ್ನಲಾಗದು. ಅತಿಯಾದರೆ ತಟ್ಟೆ ಹಲಗೆಗೆ ಅಂಟಿಕೊಳ್ಳುತ್ತದೆ, ಸುತ್ತುವುದು ನಿಂತು ಬರೀ ಅಲುಗುತ್ತದೆ, ಕೈ ಸೋಲುತ್ತದೆ. ಅದಕ್ಕೆಂದೇ ವ್ಯಾಕ್ಯೂಮಿನಲ್ಲಿ ಎಳೆತ ತಗ್ಗಿಸುವ ಗುಂಡಿ ಇರುತ್ತದೆ; ಕೆಲವು ಪೈಪುಗಳ ತುದಿಯಲ್ಲಿ ಸರಿಸಿ ತೆರೆಯುವ ಕಿಂಡಿಯೂ ಇರುತ್ತದೆ.

ಪೈಪಿನ ಗಣಿತ

ಯಂತ್ರ ಕೊಳ್ಳುವಾಗ ಕೊನೆಗೆ ನೋಡುವ ವಸ್ತು ಪೈಪು. ಭೌತಶಾಸ್ತ್ರದ ಕಣ್ಣಿಗೆ ಅದೇ ಮೊದಲು ಬೀಳಬೇಕು. ಒಂದೇ ಪ್ರಮಾಣದ ಗಾಳಿಯನ್ನು ರಭಸವಾಗಿ ಸಾಗಿಸುವಾಗ ಪೈಪಿನೊಳಗೆ ಕಳೆದುಹೋಗುವ ಒತ್ತಡ, ವ್ಯಾಸದ ಐದನೇ ಘಾತಕ್ಕೆ ಹೆಚ್ಚುಕಮ್ಮಿ ವಿಲೋಮವಾಗಿರುತ್ತದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾದ ಎರಡು ಅಳತೆ 27 ಮತ್ತು 36 ಮಿಲಿಮೀಟರ್. ವ್ಯಾಸದ ವ್ಯತ್ಯಾಸ ಮೂರರಲ್ಲಿ ಒಂದು ಪಾಲು. ಆದರೆ ಅಷ್ಟೇ ಗಾಳಿ ಸಾಗಿಸಲು ಸಣ್ಣ ಪೈಪಿನಲ್ಲಿ ಕಳೆದುಹೋಗುವ ಒತ್ತಡ ದೊಡ್ಡದರ ನಾಲ್ಕು ಪಟ್ಟಿಗೂ ಹೆಚ್ಚು. ಉದ್ದ ಇಮ್ಮಡಿಯಾದರೆ ನಷ್ಟ ಇಮ್ಮಡಿ. ಒಳಮೈ ಉಂಗುರ ಉಂಗುರವಾಗಿದ್ದರೆ ಇನ್ನಷ್ಟು.

ಹಾಗಾದರೆ ಯಾವಾಗಲೂ ದಪ್ಪ ಪೈಪೇ ಮೇಲೇ? ಅದೂ ಅಲ್ಲ. ಧೂಳು ಪೈಪಿನ ತಳದಲ್ಲಿ ಕೂರದಂತೆ ಸಾಗಲು ಗಾಳಿಗೆ ವೇಗ ಬೇಕು. ಐರೋಪ್ಯ ಮಾನಕದಲ್ಲಿ ಎಂ ದರ್ಜೆಯ (ದರ್ಜೆಗಳ ವಿವರ ಮುಂದೆ ಬರುತ್ತದೆ) ವ್ಯಾಕ್ಯೂಮಿಗೆ ಇಟ್ಟಿರುವ ಗೆರೆ ಸೆಕೆಂಡಿಗೆ 20 ಮೀಟರ್. ಅದಕ್ಕಿಂತ ಕೆಳಗಿಳಿದರೆ ಯಂತ್ರ ಎಚ್ಚರಿಸಬೇಕು. 27ರ ಪೈಪಿನಲ್ಲಿ ಈ ವೇಗಕ್ಕೆ ನಿಮಿಷಕ್ಕೆ ಸುಮಾರು 690 ಲೀಟರ್ ಗಾಳಿ ಸಾಕು. 36ರದರಲ್ಲಿ ಸುಮಾರು 1,220 ಲೀಟರ್ ಬೇಕು. ಸ್ಯಾಂಡರಿನ ಪುಡಿ ಹಗುರ, ಅದರ ಬಾಯಿಯೂ ಚಿಕ್ಕದು. ತೆಳುವಾದ, ಬಳುಕುವ 27ರ ಪೈಪು ಅದಕ್ಕೆ ಹೊಂದುತ್ತದೆ. ಗರಗಸ, ರೂಟರ್‌ಗಳು ಚಿಮ್ಮಿಸುವ ದಪ್ಪ ಹೊಟ್ಟಿಗೆ 36ರದು. ಈಗ ಯಂತ್ರದ ಕಡೆ ಸಣ್ಣದಾಗಿ ವ್ಯಾಕ್ಯೂಮಿನ ಕಡೆ ದೊಡ್ಡದಾಗುತ್ತ ಹೋಗುವ ಪೈಪುಗಳೂ ಬಂದಿವೆ. ಎಂ ದರ್ಜೆಯ ಎಷ್ಟೋ ವ್ಯಾಕ್ಯೂಮುಗಳ ಮೇಲೆ ಪೈಪಿನ ವ್ಯಾಸಕ್ಕೆ ತಿರುಗಿಸಿ ಇಡುವ ಗುಂಡಿ ಇರುತ್ತದೆ. ಅದನ್ನು ಸರಿಯಾಗಿ ಇಡದಿದ್ದರೆ ಎಚ್ಚರಿಕೆಯ ಗಂಟೆಗೆ ಅರ್ಥವಿಲ್ಲ.

ಡಬ್ಬದ ಮೇಲೆ ಅಚ್ಚಾಗುವ ಎರಡು ಅಂಕಿಗಳ ಬಗ್ಗೆಯೂ ಇಲ್ಲೇ ಹೇಳಬೇಕು. ಅತಿ ಹೆಚ್ಚು ಗಾಳಿ ಹರಿಯುವುದು ದಾರಿಯಲ್ಲಿ ಯಾವ ತಡೆಯೂ ಇಲ್ಲದಾಗ. ಅತಿ ಹೆಚ್ಚು ಎಳೆತ ಸಿಗುವುದು ದಾರಿ ಪೂರ್ತಿ ಮುಚ್ಚಿ ಗಾಳಿ ಹರಿಯದಾಗ. ಎರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಕೆಲಸದ ಹೊತ್ತಿನಲ್ಲಿ ಸಿಗುವುದು ನಡುವಿನ ಯಾವುದೋ ಬಿಂದು. ಅದನ್ನು ತೀರ್ಮಾನಿಸುವುದು ಪೈಪು, ಕನೆಕ್ಟರ್, ಫಿಲ್ಟರ್.

ಪೈಪಿನ ಮೇಲಿನ ಬಟ್ಟೆಯ ಕವಚವೂ ಈಚಿನ ಸೌಕರ್ಯ. ಉಂಗುರದ ಪೈಪು ಹಲಗೆಯ ಅಂಚಿಗೆ ಸಿಕ್ಕಿ ಸಿಕ್ಕಿ ಕೈಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ನೇಯ್ದ ಕವಚವಿದ್ದರೆ ಜಾರಿ ಬರುತ್ತದೆ. ಕರೆಂಟಿನ ವೈರನ್ನು ಅದೇ ಕವಚದೊಳಗೆ ಸೇರಿಸಿದರೆ ಎಳೆದಾಡಬೇಕಾದದ್ದು ಎರಡರ ಬದಲು ಒಂದೇ. ಪೈಪಿನ ತುದಿ ತನ್ನಷ್ಟಕ್ಕೆ ತಿರುಗುವಂತಿದ್ದರೆ ಪೈಪು ಹುರಿಗೊಳ್ಳುವುದಿಲ್ಲ. ಇವು ಚಿಕ್ಕ ಅನುಕೂಲಗಳೆಂದು ತೋರಬಹುದು. ಆದರೆ ಕಾಟ ಕೊಡುವ ಪೈಪನ್ನು ಕೆಲಸಗಾರ ಮಧ್ಯಾಹ್ನದೊಳಗೆ ಕಿತ್ತು ಬದಿಗಿಡುತ್ತಾನೆ, ಆಮೇಲೆ ಧೂಳೆಲ್ಲ ಅವನ ಎದೆಗೇ. ಕಾಟ ತಪ್ಪಿಸುವುದು ಆರೋಗ್ಯ ಕಾಯುವ ಉಪಾಯವೇ.

ಪೈಪಿನೊಳಗಿನ ವಿದ್ಯುತ್ತು

ಒಣ ಪುಡಿ ಪ್ಲಾಸ್ಟಿಕ್ಕಿನ ಒಳಮೈಗೆ ಉಜ್ಜುತ್ತ ಓಡುವಾಗ ಪೈಪಿನ ಮೇಲೆ ಸ್ಥಿರ ವಿದ್ಯುತ್ತು ಸೇರುತ್ತದೆ. ಒಣಹವೆಯ ಬೇಸಿಗೆಯಲ್ಲಿ ಇದು ಹೆಚ್ಚು. ಪೈಪಿಗೆ ಕೈ ತಾಗಿದರೆ ಚುರುಕ್ಕೆನ್ನುತ್ತದೆ, ಒಳಗಿನ ಗೋಡೆಗೆ ಪುಡಿ ಮೆತ್ತಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಆಂಟಿಸ್ಟ್ಯಾಟಿಕ್ ಪೈಪಿನ ಪ್ಲಾಸ್ಟಿಕ್ಕಿಗೆ ಕಾರ್ಬನ್ನಿನಂಥ ವಾಹಕ ಬೆರೆಸಿರುತ್ತಾರೆ. ಸೇರಿದ ವಿದ್ಯುತ್ತು ಅದರ ಮೂಲಕ ಮೆಲ್ಲನೆ ವ್ಯಾಕ್ಯೂಮಿಗೆ, ಅಲ್ಲಿಂದ ಅರ್ಥ್ ಪಿನ್ನಿನ ಮೂಲಕ ಭೂಮಿಗೆ ಇಳಿಯುತ್ತದೆ.

ಇದು ಸರಪಳಿ, ಒಂದು ಕೊಂಡಿ ತಪ್ಪಿದರೂ ಉಪಯೋಗವಿಲ್ಲ. ಒಳ್ಳೆಯ ಆಂಟಿಸ್ಟ್ಯಾಟಿಕ್ ಪೈಪು ತಂದು, ಅಳತೆ ಹೊಂದಲಿಲ್ಲವೆಂದು ನಡುವೆ ಪಿವಿಸಿ ತುಂಡೊಂದನ್ನು ಸಿಕ್ಕಿಸಿದರೆ ವಾಹಕದ ದಾರಿ ಅಲ್ಲಿಗೇ ಕಡಿಯಿತು. ಗೋಡೆಯ ಪ್ಲಗ್ಗಿನಲ್ಲಿ ಅರ್ಥ್ ಇಲ್ಲದಿದ್ದರೂ ಅಷ್ಟೇ. ಕನೆಕ್ಟರ್ ಕೊಳ್ಳುವಾಗ ಅಳತೆಯ ಜೊತೆ ಅದು ವಾಹಕವೋ ಅಲ್ಲವೋ ಎಂದೂ ಕೇಳಬೇಕು.

ಕೊನೆಯ ತಡೆ

ಹಿಡಿದ ಧೂಳನ್ನು ಹಿಂಬದಿಯಿಂದ ಮತ್ತೆ ಕೋಣೆಗೇ ಊದುವ ವ್ಯಾಕ್ಯೂಮ್ ಇಲ್ಲದ್ದಕ್ಕಿಂತ ಕೆಟ್ಟದ್ದು. ದಪ್ಪ ಪುಡಿಯನ್ನು ಹಿಡಿದು ಕಣ್ಣಿಗೆ ಕಾಣದ್ದನ್ನು ಮಾತ್ರ ಎದೆಯ ಎತ್ತರಕ್ಕೆ ಹರಡುವ ಯಂತ್ರ ಅದು. ಅದಕ್ಕೇ ದರ್ಜೆಗಳಿವೆ. ಎಲ್ ದರ್ಜೆಯದು ಬಂದ ಧೂಳಿನಲ್ಲಿ ಶೇ. 1ರಷ್ಟನ್ನು ಮಾತ್ರ ಆಚೆ ಬಿಡಬಹುದು. ಎಂ ದರ್ಜೆ ಶೇ. 0.1. ಎಚ್ ದರ್ಜೆ ಶೇ. 0.005. ಮೊದಲು ಹಾಕಿದ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡಿ. 65 ಗ್ರಾಂ ಪೂರ್ತಿ ವ್ಯಾಕ್ಯೂಮಿಗೆ ಹೋದರೂ ಎಲ್ ದರ್ಜೆಯದು 650 ಮಿಲಿಗ್ರಾಂವರೆಗೆ ಹೊರಬಿಡಬಹುದು. ಎಂ ದರ್ಜೆಯದು 65. ಎಚ್ ದರ್ಜೆಯದು ಮೂರು ಚಿಲ್ಲರೆ. ಗಟ್ಟಿಮರಕ್ಕೆ ಎಂ ದರ್ಜೆ ಬೇಕೆನ್ನುವುದು ಇದೇ ಕಾರಣಕ್ಕೆ.

ಫಿಲ್ಟರ್ ಬೇಗ ಕಟ್ಟಿಕೊಳ್ಳುವುದು ಎಲ್ಲರ ದೂರು. ಎರಡು ಉಪಾಯಗಳಿವೆ. ಒಂದು, ವ್ಯಾಕ್ಯೂಮಿಗೆ ಮುಂಚೆ ಸೈಕ್ಲೋನ್ ಬಕೆಟ್ ಇಡುವುದು. ಗಾಳಿ ಅದರೊಳಗೆ ಸುಳಿಯಾಗಿ ತಿರುಗುವಾಗ ಭಾರದ ಕಣಗಳು ಗೋಡೆಗೆ ಬಡಿದು ತಳಕ್ಕೆ ಜಾರುತ್ತವೆ. ಫಿಲ್ಟರಿಗೆ ಹೋಗುವುದು ನಯವಾದ ಪುಡಿ ಮಾತ್ರ. ಇದಕ್ಕೆ ಸ್ವಲ್ಪ ಎಳೆತವನ್ನು ಬೆಲೆಯಾಗಿ ಕೊಡಬೇಕು. ಇನ್ನೊಂದು, ಆಗಾಗ್ಗೆ ಗಾಳಿಯನ್ನು ಹಿಮ್ಮುಖವಾಗಿ ಹೊಡೆದು ಫಿಲ್ಟರನ್ನು ತಾನೇ ಕೊಡವಿಕೊಳ್ಳುವ ಯಂತ್ರ. ಗೋಡೆಯ ಪುಟ್ಟಿ ಉಜ್ಜುವಾಗ ಏಳುವ ಹಿಟ್ಟಿನಂಥ ಬಿಳಿಪುಡಿಗೆ ಇದು ಬೇಕೇಬೇಕು.

ಸ್ಯಾಂಡರಿನ ಸ್ವಿಚ್ಚು ಒತ್ತಿದೊಡನೆ ವ್ಯಾಕ್ಯೂಮ್ ತಾನೇ ಶುರುವಾಗಿ, ನಿಂತ ಮೇಲೂ ಕೆಲವು ಸೆಕೆಂಡು ಓಡಿ ಪೈಪನ್ನು ಖಾಲಿ ಮಾಡುವುದು ಹಳೆಯ ಸೌಲಭ್ಯ. ಬ್ಯಾಟರಿ ಯಂತ್ರ ಬಂದ ಮೇಲೆ ವೈರಿನ ಸಂಬಂಧ ಕಡಿದುದರಿಂದ ಮಕಿಟಾ, ಫೆಸ್ಟೂಲ್ ಮೊದಲಾದವರು ಬ್ಲೂಟೂತ್ ಬಳಸಿ ಎರಡನ್ನೂ ಜೋಡಿಸಿದ್ದಾರೆ. ಪೈಪಿನ ತುದಿಗೆ ಕಟ್ಟುವ ರಿಮೋಟ್ ಗುಂಡಿಯೂ ಇದೆ.

ಕೈಗೆ ಏರುವ ನಡುಕ

ಧೂಳಿನ ಜೊತೆ ಇನ್ನೊಂದು ಅಪಾಯವಿದೆ, ನಡುಕ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡ್‌ನ ಕಲ್ಲು ಕೆತ್ತುವವರ ಬೆರಳುಗಳು ಬಿಳಿಚಿ ಮರಗಟ್ಟುವುದನ್ನು ದಾಖಲಿಸಿದರು. ಗಾಳಿಯ ಸುತ್ತಿಗೆಯ ನಡುಕ ಬೆರಳಿನ ರಕ್ತನಾಳಗಳನ್ನು ಕೆಡಿಸಿತ್ತು. ಮಿರ್ಕಾ, ಫೆಸ್ಟೂಲ್‌ಗಳ ಈಚಿನ ಕೆಲವು ಸ್ಯಾಂಡರುಗಳಲ್ಲಿ ನಡುಕ ಅಳೆಯುವ ಸೆನ್ಸರ್ ಇದೆ. ನಡುಕ ಹೆಚ್ಚಿದರೆ ಕೆಲವು ಯಂತ್ರಗಳು ತಾವೇ ವೇಗ ತಗ್ಗಿಸುತ್ತವೆ, ಕೆಲವು ದಿನದ ಒಟ್ಟು ನಡುಕವನ್ನು ಮೊಬೈಲಿನಲ್ಲಿ ತೋರಿಸುತ್ತವೆ. ಸವೆದ ತಟ್ಟೆ, ಮಧ್ಯ ತಪ್ಪಿಸಿ ಅಂಟಿಸಿದ ಕಾಗದ ಎರಡೂ ನಡುಕ ಹೆಚ್ಚಿಸುತ್ತವೆ. ಸೆನ್ಸರ್ ಇಲ್ಲದವರೂ ಇವೆರಡನ್ನು ನೋಡಿಕೊಳ್ಳಬಹುದು.

ಮೊದಲು ದುಡ್ಡು ಎಲ್ಲಿಗೆ

ಇವೆಲ್ಲ ದುಬಾರಿ ಯಂತ್ರಗಳ ಮಾತಾಯಿತೆಂದು ಊರಿನ ಬಡಗಿ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಭಾರತದ 1948ರ ಕಾರ್ಖಾನೆ ಕಾಯಿದೆ ತನ್ನ 14ನೇ ಸೆಕ್ಷನ್ನಿನಲ್ಲಿ ಧೂಳೆಳೆಯುವ ಸಾಧನವನ್ನು ಧೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರ ಇಡಬೇಕೆಂದಿತ್ತು, ಆ ಜಾಗವನ್ನು ಆದಷ್ಟು ಮುಚ್ಚಬೇಕೆಂದಿತ್ತು. ಈ ಅಧ್ಯಾಯದ ಭೌತಶಾಸ್ತ್ರವೆಲ್ಲ ಆ ಒಂದು ನಿಯಮದಲ್ಲಿದೆ. ಆದರೆ ಇಬ್ಬರು ಮೂವರು ದುಡಿಯುವ ಬಡಗಿ ಅಂಗಡಿಗೆ ಕಾರ್ಖಾನೆಯ ಕಾನೂನು ತಲುಪಿದ್ದು ಕಡಿಮೆ. ಅಲ್ಲಿ ಕೆಲಸಗಾರನನ್ನು ಕಾಯಬೇಕಾದದ್ದು ಅವನ ತಿಳಿವಳಿಕೆ ಮತ್ತು ಕೆಲಸ ಕೊಟ್ಟ ಮಾಲೀಕನ ಹೊಣೆಗಾರಿಕೆ.

ಹೊಸ ಸ್ಯಾಂಡರಿಗೆ ದುಡ್ಡು ಕೂಡಿಸುವ ಮುಂಚೆ ಇರುವ ಸ್ಯಾಂಡರಿನ ಬಟ್ಟೆಚೀಲ ಕಿತ್ತು ವ್ಯಾಕ್ಯೂಮಿನ ಪೈಪು ಜೋಡಿಸಿ. ಕನೆಕ್ಟರ್ ಗಾಳಿ ಸೋರದಂತೆ ಬಿಗಿಯಾಗಿರಲಿ. ಪೈಪು ಅಗತ್ಯಕ್ಕಿಂತ ಉದ್ದ ಬೇಡ. ಆಮೇಲಿನ ದುಡ್ಡು ಫಿಲ್ಟರಿಗೆ, ಅದರ ನಂತರದ್ದು ಜಾಲರಿ ಕಾಗದಕ್ಕೆ. ಉಜ್ಜಿದ ಮೇಲೆ ಮೈಮೇಲಿನ, ಬೆಂಚಿನ ಮೇಲಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಕೂತ ಧೂಳನ್ನು ಮತ್ತೆ ತೇಲಿಸಿದಂತೆ. ವ್ಯಾಕ್ಯೂಮಿನಿಂದಲೇ ಎಳೆಯಿರಿ. ಹಿಡಿದ ಮೇಲೂ ಉಳಿಯುವ ಆ ಸಾವಿರದ ಒಂದು ಪಾಲಿಗೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಹಾಕಿಕೊಳ್ಳಿ. ಮಾಸ್ಕನ್ನೇ ಮೊದಲ ಕಾವಲು ಮಾಡಿಕೊಂಡರೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಸೆಕೆಗೆ ಅದನ್ನು ಕುತ್ತಿಗೆಗೆ ಇಳಿಸುವವರೇ ಹೆಚ್ಚು, ಪಕ್ಕದಲ್ಲಿ ನಿಂತ ಕಲಿಯುವ ಹುಡುಗನನ್ನಂತೂ ಅದು ಕಾಯುವುದೇ ಇಲ್ಲ. ತಟ್ಟೆಯ ಕೆಳಗೇ ಹಿಡಿದ ಧೂಳು ಇಬ್ಬರ ಎದೆಗೂ ಹೋಗುವುದಿಲ್ಲ.